ಮಡಿಲಿನಿಂದ ಇಳಿಸಿದ ಕೂಸು

"ಗಂಡಸರು ಹೊರಗ ನಿಲ್ರಿ. ಒಳಗ ಹಾಲುಣಿಸೋ ತಾಯಂದಿರು ಅದಾರ."

ಅಂಬಮ್ಮ ಪೂರ್ತಿ ತಿರುಗಿ ನೋಡಲೂ ಇಲ್ಲ. ಬಾಗಿಲಲ್ಲಿ ನಿಂತವನ ಹೆಗಲಿಗೆ ಚರ್ಮದ ಹಲಗೆ ವಾದ್ಯ, ಕೈಯಲ್ಲಿ ಗೆಜ್ಜೆಯ ಗೊಂಚಲು. ಆಟಿಕೆ ಮಾರುವವನೆಂದೇ ತಿಳಿದಳು.

"ನಿಂತೀನ್ರಿ. ಆದ್ರ ನೀವು ಕಳಿಸೋ ಕೂಸುಗಳು ನನ್ನ ತನಕ ಬರವಲ್ಲವು. ಅದಕ್ಕ ನಾನೇ ಬಂದೆ. ಹಂಪಣ್ಣ ಅಂತ. ಮಾನ್ವಿಯೊಳಗ ಕಿವುಡ ಮಕ್ಕಳ ಮಾಸ್ತರ."

ಆಯಾ ಕಮರುನ್ನೀಸಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅಯ್ಯೋ ಮಾಸ್ತರ್ ಸಾಬ್, ನಾನು ಒಂದು ಗಿಲಿಗಿಲಿ ಚೌಕಾಸಿ ಮಾಡಾಕ ಹೊಂಟಿದ್ದೆ!"

ಅದು ಎಂಬತ್ನಾಲ್ಕನೆಯ ಇಸವಿ. ರಾಯಚೂರಿನ ಆ ಆಸ್ಪತ್ರೆಗೆ ಸೂಜಿ ಹಾಕಿಸಲು ಬರುವ ಕೂಸುಗಳ ಕಿವಿ ನೋಡುವುದು ಅಂಬಮ್ಮನ ಕೆಲಸ. ತಾಯಿಯ ಮಡಿಲಲ್ಲಿ ಕೂಸು. ಅದರ ಕಣ್ಣಿಗೆ ಬೀಳದಂತೆ ಹಿಂದೆ ನಿಂತು ಗೆಜ್ಜೆ, ಗಂಟೆ. ತಿರುಗದ ಕೂಸನ್ನು ಮಾನ್ವಿಯ ತರಗತಿಗೆ ಕಳಿಸುತ್ತಿದ್ದಳು. ತಾಯಂದಿರು ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ದಿಕ್ಕು ತೋಚದೆ, ತಿರುಗಿ ಊರ ಬಸ್ಸು ಹತ್ತಿಬಿಡುತ್ತಿದ್ದರು.

ಆ ದಿನದಿಂದ ಪರೀಕ್ಷೆಯ ದಿನ ಹಂಪಣ್ಣನೂ ಅಲ್ಲಿರತೊಡಗಿದ. ಕೂಸನ್ನು ಎತ್ತಿಕೊಳ್ಳುವನು, ತಾಯಿಯ ಊರು ಕೇಳುವನು, ತಾನೇ ಬಸ್ಸು ಹತ್ತಿಸಿ ಕರೆದೊಯ್ಯುವನು. ಕಂಡ ಮುಖದ ಹಿಂದೆ ಹೆಂಗಸರು ಧೈರ್ಯವಾಗಿ ಹೋದರು.

ದೇವದುರ್ಗದಲ್ಲಿ ಕಿವಿ ಪರೀಕ್ಷೆಯ ಕ್ಯಾಂಪ್ ಇದ್ದಾಗ ಅವಳು ರಾಯಚೂರು ಬಸ್ಸಿಗೂ ಅವನು ಮಾನ್ವಿ ಬಸ್ಸಿಗೂ ಕಾಯುತ್ತ ಚಹಾ ಕುಡಿಯುತ್ತಿದ್ದರು. ಮಾತಾಡುವವರ ತುಟಿ ನೋಡುವುದು ಅವನ ಚಾಳಿ.

"ಹಂಗ ನೋಡಬ್ಯಾಡ್ರಿ," ಎಂದಳು ಒಂದು ದಿನ.

"ಕಸುಬು ರೀ. ಮಕ್ಕಳಿಗೆ ತುಟಿ ನೋಡಾಕ ಕಲಿಸಿ ಕಲಿಸಿ ನನಗೂ ಹತ್ತಿಬಿಟ್ಟದ."

"ಕಮರುನ್ನೀಸಾ ಮಾತಾಡೋವಾಗ ಕಿಟಕಿ ನೋಡ್ತೀರಲ್ಲ?"

ಅವನ ಕಿವಿ ಕೆಂಪಾದವು. ಬಟ್ಟಲನ್ನು ಬಾಯಿಗೆ ಹಿಡಿದು ಅವಳು ನಕ್ಕಳು. ಗಂಡ ಕಾಮಾಲೆಯಲ್ಲಿ ತೀರಿಹೋದ ಮೇಲೆ ಮೊದಲ ಸಲ ತನಗೆ ನಗು ಬಂದದ್ದು ಕಂಡು ತಾನೇ ಅಂಜಿದಳು.

ಆಮೇಲಿನ ಕ್ಯಾಂಪಿನಲ್ಲಿ ಮಸರಕಲ್ಲಿನ ಹುಡುಗಿಯೊಬ್ಬಳು ತನ್ನ ಕೂಸನ್ನು ತಂದಳು. ಅಂಬಮ್ಮ ಹಿಂದಿನಿಂದ ಗಂಟೆ ಬಾರಿಸಿದಳು. ಕೂಸು ತಿರುಗಿತು. "ಕೇಳ್ತದ, ಹೋಗವ್ವಾ," ಎಂದಳು.

"ಒಂದೀಟು ತಡೀರಿ," ಎಂದ ಹಂಪಣ್ಣ. "ಕೂಸಿನ್ನ ಕೆಳಗ ಚಾಪಿ ಮ್ಯಾಲ ಹಾಕ್ರಿ."

ಚಾಪೆಯ ಮೇಲಿನ ಕೂಸಿನ ಹಿಂದೆ ಅದೇ ಗಂಟೆ ಎಷ್ಟು ಬಾರಿಸಿದರೂ ಅದು ತನ್ನ ಕಾಲ್ಬೆರಳು ಹಿಡಿದು ಆಡುತ್ತಲೇ ಇತ್ತು.

"ಸಪ್ಪಳಕ್ಕ ತಾಯಿ ಬೆಚ್ಚತಾಳ್ರಿ. ಆಕಿ ತೊಡಿ ಅದುರತದ. ಕೂಸು ತಿರುಗೋದು ಅದಕ್ಕ."

ಅಂಬಮ್ಮನಿಗೆ ತನ್ನ ಕೂಸು ನೆನಪಾಯಿತು.

ಮನೆಯಲ್ಲಿ ಅವಳ ಮಗ ಮಲ್ಲು, ಇನ್ನೂ ಅಂಬೆಗಾಲಿಡದ ಕೂಸು. ಅತ್ತೆ ಭೀಮವ್ವ ಮೊಮ್ಮಗನನ್ನು ನೆಲಕ್ಕೆ ಬಿಟ್ಟವಳಲ್ಲ. ಅವಳ ತೊಡೆಯ ಮೇಲೆ ಅವನು ತಟ್ಟೆಯ ಸಪ್ಪಳಕ್ಕೆ ತಿರುಗುತ್ತಿದ್ದ. "ನನ್ನ ಮೊಮ್ಮಗ ಇರುವಿ ನಡೆದ್ರೂ ಕೇಳ್ತಾನ," ಎಂದು ಓಣಿಗೆಲ್ಲ ಹೇಳಿಕೊಂಡಿದ್ದಳು. ಸೊಸೆಗೂ ಒಂದು ಮಾತು ಹೇಳಿದ್ದಳು: "ಕಿವುಡ ಕೂಸು ಮುಟ್ಟಿದ ಕೈಲೇ ಇವನ್ನ ಎತ್ತಬ್ಯಾಡ. ಇವಗೇನರ ಆದ್ರ ನಿನ್ನ ಈ ಮನಿಯಾಗ ಇಟ್ಕೊಳ್ಳಂಗಿಲ್ಲ."

ಆ ಸಂಜೆ ಅಂಬಮ್ಮ ಗಂಟೆ ಹಿಡಿದು ತೊಟ್ಟಿಲ ಹಿಂದೆ ನಿಂತಳು. ಬಾರಿಸಲಾಗಲಿಲ್ಲ. ಗಂಟೆಯ ನಾಲಿಗೆಯನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದಳು. ಮರುದಿನವೂ ಅದೇ.

ಮುಂದಿನ ಸಲ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹಂಪಣ್ಣ ಚಹಾ ಮುಟ್ಟದೆ ಕುಳಿತಿದ್ದ.

"ನಿಮ್ಮ ಮನಿತನದಾಗ ಉಡಿಕಿ ನಡೀತದಲ್ರಿ?"

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಮತ್ತೊಬ್ಬ ಮನೆತುಂಬಿಸಿಕೊಳ್ಳುವ ಪದ್ಧತಿ. ಅವಳ ಅತ್ತೆಯ ತಂಗಿಯೇ ಹಾಗೆ ಹೋದವಳು.

"ನಡೀತದ."

"ನಾನು ಬಂದು ನಿಮ್ಮ ಅತ್ತಿಯವರ ಹತ್ರ ಮಾತಾಡಲೇನು? ಮಲ್ಲು ನನ್ನ ಮಗನಾಗೇ ಬರ್ಲಿ."

ಮಗನ ಹೆಸರು ಕೇಳಿದ್ದೇ ಬಾರಿಸದೆ ಬಿಟ್ಟ ಗಂಟೆ ಅವಳ ಕಣ್ಣ ಮುಂದೆ ಬಂತು. ಅವಳ ತುಟಿ ಅವನ ಎದುರಿಗಿದ್ದರೆ ಅವನಿಗೆ ಎಲ್ಲ ತಿಳಿದುಬಿಡುತ್ತದೆ. ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು.

"ಬ್ಯಾಡ್ರಿ."

ಅವನು ಚಹಾದ ಬಟ್ಟಲನ್ನು ಹಾಗೇ ಬಿಟ್ಟು ಎದ್ದ. ಮಾನ್ವಿ ಬಸ್ಸು ಬಂತು.

"ಮಾಸ್ತರ್ ಮುಖ ಬಾಡಿ ಹೋಗ್ಯಾದ. ಏನಂದಿ ಬೇ ಅವರಿಗೆ?" ಕಮರುನ್ನೀಸಾ ಆಸ್ಪತ್ರೆಯ ಬಟ್ಟೆ ಮಡಿಸುವ ಕೋಣೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದಳು. ಅಂಬಮ್ಮ ತಡೆದುಕೊಂಡಿದ್ದನ್ನೆಲ್ಲ ಹೇಳಿ ಅತ್ತಳು.

"ಮತ್ತ, ಪರೀಕ್ಷಾ ಮಾಡಂಗಿಲ್ಲೇನು?"

"ಮಾಡಿದ್ರ ಖರೇ ಆಗತದ, ಅಕ್ಕಾ."

"ಮಾಡದಿದ್ರ ಸುಳ್ಳಾಗತದೇನು, ಹುಚ್ಚಿ? ಊರ ಮಂದಿ ಕೂಸಿಗೆ ಹೇಳ್ತಿ, ತಡ ಮಾಡಬ್ಯಾಡ್ರಿ ಅಂತ."

ಸೋಮವಾರ ಅಂಬಮ್ಮ ರಜೆ ಹಾಕಿ, ಅತ್ತೆಗೆ ಸೂಜಿ ಹಾಕಿಸುವ ನೆಪ ಹೇಳಿ, ಮಗನನ್ನೆತ್ತಿಕೊಂಡು ಮಾನ್ವಿ ಬಸ್ಸು ಹತ್ತಿದಳು. ಮಾನ್ವಿಯಲ್ಲಿ ಇಳಿದಾಗ ಅವಳಿಗೂ ದಿಕ್ಕು ತೋಚಲಿಲ್ಲ. ರಾಯಚೂರಿನ ಬಸ್ಸು ಎದುರಿಗೇ ನಿಂತಿತ್ತು. ಹತ್ತಿಬಿಡಲೇ ಅನ್ನಿಸಿತು. ಆ ತಾಯಂದಿರು ಹಿಂದಿರುಗಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ತಾಯಂದಿರು ಚಾಪೆಯ ಮೇಲೆ ಕುಳಿತಿದ್ದರು. ಹಂಪಣ್ಣ ಒಂದು ಮಗುವಿನ ಅಂಗೈಯನ್ನು ತನ್ನ ಗಂಟಲಿಗೆ ಇಟ್ಟುಕೊಂಡು "ಅವ್ವ" ಎನ್ನುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಅವಳು ಹತ್ತಿರ ಹೋಗದೆ ಚಾಪೆಯ ತುದಿಗೆ ಕುಳಿತು, ಮಲ್ಲುವನ್ನು ಮಡಿಲಿನಿಂದ ಇಳಿಸಿದಾಗ ಆ ಅರಳಿದ್ದು ಆರಿಹೋಯಿತು.

"ನೀವೇ ಮಾಡ್ರಿ. ನನ್ನ ಕೈ ಏಳವಲ್ದು."

ಅವನು ಹಿಂದೆ ಹೋಗಿ ಕುಳಿತ. ಗೆಜ್ಜೆ ನುಡಿಯಿತು. ಮಲ್ಲು ಎದುರಿನ ಮುದುಕಿ ಬಡೇಬೀಯ ಬಳೆಗಳನ್ನೇ ನೋಡುತ್ತಿದ್ದ. ಗಂಟೆ ಮೊಳಗಿತು. ಬಳೆಗಳನ್ನೇ ನೋಡುತ್ತಿದ್ದ. ಹಂಪಣ್ಣ ನೆಲ ಅದುರದಂತೆ ಹಲಗೆಯನ್ನು ಎತ್ತಿ ಹಿಡಿದು ಜೋರಾಗಿ ಬಡಿದ.

ಮಲ್ಲು ನಿಧಾನವಾಗಿ, ಯಾರೋ ದೂರದಿಂದ ಕರೆದರೇನೋ ಎಂಬಂತೆ, ತಿರುಗಿದ.

ಹಂಪಣ್ಣ ಹಲಗೆಯನ್ನು ಕೆಳಗಿಟ್ಟ. "ಮಾಸ್ತರಾಗಿ ಒಂದು ಮಾತು ಅದ, ಹಂಪಣ್ಣನಾಗಿ ಒಂದು ಅದ. ಯಾವುದು ಮೊದಲು?"

"ಮಾಸ್ತರದು."

"ಸಣ್ಣ ಸಪ್ಪಳ ಕೇಳಂಗಿಲ್ಲ. ದೊಡ್ಡದು ಒಂದೀಟು ಕೇಳ್ತದ. ಭಾಳ ಮಂದಿ ಶಾಲಿಗೆ ಹೋಗೋ ವಯಸ್ಸಾದ ಮ್ಯಾಲೇ ಇಲ್ಲಿಗೆ ಬರ್ತಾರ. ಇಂವ ಮಡಿಲಾಗ ಇರೋವಾಗ್ಲೇ ಸಿಕ್ಕಾನ. ಎದಿಗೆ ಕಿವಿ ಕೇಳೋ ಮಿಷನ್ ಕಟ್ಟೋಣು. ಮಾತು ಬರ್ತದ ಅಂತ ಆಣಿ ಮಾಡಂಗಿಲ್ಲ. ಬಿಡಂಗಂತೂ ಇಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಂದು?"

"ಅದು ಅವತ್ತು ದೇವದುರ್ಗದಾಗ ಕೇಳಿದ್ದೇ."

"ಈಗ ಕೇಳಿದ್ರ ಅದು ಕನಿಕರ."

"ಕನಿಕರ ಆಗಿದ್ರ ಈ ಚಾಪಿ ಮ್ಯಾಲ ಕುಂತವರನ್ನೆಲ್ಲ ಕೇಳಬೇಕಾಗಿತ್ತಲ್ರಿ?"

"ನನಗಂತೂ ಕೇಳಿಲ್ಲ ನೋಡವ್ವಾ," ಎಂದಳು ಬಡೇಬೀ, ಬೊಚ್ಚುಬಾಯಿ ತೆರೆದು. ಕೋಣೆಯೆಲ್ಲ ನಕ್ಕಿತು. ಅಂಬಮ್ಮ ನಗಲಿಲ್ಲ. ಭೀಮವ್ವನ ಹೊಸ್ತಿಲು ಅವಳ ಕಣ್ಣಿಗೆ ಕಟ್ಟಿತ್ತು.

"ಅತ್ತಿಗೆ ಹೇಳಬೇಕು. ಕೂಸಿನ್ನ ಕಸಗೊಂಡು ನನ್ನ ಹೊರಗ ಹಾಕಿದ್ರ?"

"ಒಬ್ಬಾಕಿನ ಹೇಳಬ್ಯಾಡ್ರಿ. ನಾನೂ ಬರ್ತೀನಿ. ಹೊರಗ ನಿಲ್ಲಂದ್ರ ಹೊರಗ ನಿಲ್ತೀನಿ."

ಅವಳು ಮಗನನ್ನು ಎತ್ತಿಕೊಂಡು ನಡೆದಳು. ಅವನು ಸ್ವಲ್ಪ ದೂರ ಬಿಟ್ಟು ಹಿಂದೆ ಬಂದ.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು, ಅವನು ಹಿಂದೆ ಕಂಬ ಹಿಡಿದು ನಿಂತ. ಅವಳ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಮಲ್ಲು ಅದರ ಮೇಲೆ ಕೆನ್ನೆಯಿಟ್ಟು ಮಲಗಿದ್ದ.

"ಎಲ್ಲಿಗೆ ಯವ್ವಾ?" ಕಂಡಕ್ಟರ್ ಕೇಳಿದ.

"ರಾಯಚೂರು. ಎರಡು."

"ಕೂಸಿಗೆ ಟಿಕೆಟ್ ಬ್ಯಾಡ ಬಿಡ್ರಿ."

"ಕೂಸಿಗಲ್ಲ." ಅವಳು ತಿರುಗಿ, ಕಂಬ ಹಿಡಿದು ನಿಂತವನಿಗೆ ತನ್ನ ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು. "ನಮ್ಮವರಿಗೆ."