ಹರಿದ ಎಡಗಿವಿ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅತ್ತೆ ನಾಲ್ಕು ಲೋಟಕ್ಕೆ ಚಹಾ ಸೋಸಿದರು. ಮನೆಯಲ್ಲಿದ್ದದ್ದು ಮೂವರು. ನಾಲ್ಕನೆಯ ಲೋಟವನ್ನು ಮೂವರೂ ನೋಡಿದೆವು. ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಎರಡೂ ಲೋಟ ಕುಡಿದೆ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. "ಜನರನ್ನ ಮೇಲಕ್ಕೆ ಕಳಿಸೋದೇ ನನ್ನ ಕಸುಬು" ಎಂದು ಎಲ್ಲರೆದುರು ಹೇಳಿ ಬೈಸಿಕೊಳ್ಳುತ್ತಿದ್ದ. ಹಿಂದಿನ ವಾರ ಹತ್ತನೆಯ ಮಹಡಿಯಲ್ಲಿ ಕೆಟ್ಟು ನಿಂತ ಲಿಫ್ಟ್ ನೋಡಲು ಮೆಟ್ಟಿಲು ಹತ್ತುತ್ತಿದ್ದವನು ಆರನೆಯ ಮಹಡಿಯಲ್ಲಿ ಸುಸ್ತು ಎಂದು ಕೂತ. ಅಷ್ಟೇ. ಅವನಿಗೆ ಮೂವತ್ತಮೂರು. ನಮ್ಮ ಮದುವೆಗೆ ಮೂರು. ಅಂತ್ಯಕ್ರಿಯೆಯಲ್ಲಿ ನಾನು ಅಳಲಿಲ್ಲ ಎಂಬುದನ್ನು ಜನ ಗಮನಿಸಿದ್ದರು. ಗಮನಿಸಲಿ.

ಲೋಟ ತೊಳೆಯುವಷ್ಟರಲ್ಲಿ ದೊಡ್ಡ ಮಾವ ಬಂದರು. ಮಾವನ ಅಣ್ಣ, ನಿವೃತ್ತ ಹೆಡ್‌ಮಾಸ್ಟರ್. ಒಳಗಿದ್ದವರೆಲ್ಲ ಎದ್ದು ನಿಲ್ಲಲಿ ಎನ್ನುವಂತೆ ಈಗಲೂ ಬಾಗಿಲಲ್ಲಿ ಕೆಮ್ಮುತ್ತಾರೆ.

"ಅವನ ಹತ್ರ ಒಂದು ನೀಲಿ ಫೈಲ್ ಇತ್ತಲ್ಲಮ್ಮ, ಅದನ್ನ ಕೊಟ್ಟುಬಿಡು."

"ಯಾಕೆ ದೊಡ್ಡ ಮಾವ?"

"ಅವನ ಹುಚ್ಚು ಅವನ ಜೊತೆಗೇ ಹೋಗ್ಲಿ. ಮುಂದಿನ ಸೋಮವಾರ ಸ್ಕೂಲಿನ ಫಲಕದಲ್ಲಿ ಅಜ್ಜನ ಹೆಸರು ಕೆತ್ತೋಕೆ ಕೊಡ್ತಾರೆ. ಮಧ್ಯೆ ತರಲೆ ಬೇಡ."

ಅಜ್ಜ ಎಂದರೆ ಅವರ ಅಜ್ಜ, ನನ್ನ ಗಂಡನ ಮುತ್ತಜ್ಜ. ಎಂಬತ್ತು ವರ್ಷದ ಹಿಂದಿನ ಯುದ್ಧದಲ್ಲಿ ನದಿ ದಾಟುವಾಗ ಸತ್ತ ಸಿಪಾಯಿ. ನಮ್ಮ ಹಜಾರದಲ್ಲಿ ಸಮವಸ್ತ್ರ ತೊಟ್ಟ ಅವರ ದೊಡ್ಡ ಪಟವಿದೆ. ಊರಿನಲ್ಲಿ ನಮ್ಮದು 'ಸಿಪಾಯಿ ಮನೆ'.

"ಆ ಫೈಲ್ ಇನ್ನೂ ಮುಗಿದಿಲ್ಲ. ಒಂದು ಸಹಿ ಬಾಕಿ ಇದೆ," ಎಂದೆ.

"ಮುಗಿಸೋನೇ ಇಲ್ಲವಲ್ಲ."

"ನಾನಿದ್ದೀನಿ."

ಅತ್ತೆ ನಲ್ಲಿ ನಿಲ್ಲಿಸಿದರು. ದೊಡ್ಡ ಮಾವ ಮತ್ತೊಮ್ಮೆ ಕೆಮ್ಮಿದರು. ನಾನು ಎದ್ದು ನಿಲ್ಲಲಿಲ್ಲ.

ಆ ಫೈಲ್ ನನ್ನ ಮದುವೆಗಿಂತ ಹಳೆಯದು. ಮದುವೆಯಾದದ್ದೇ ಅದರಿಂದ.

ಇತಿಹಾಸದಲ್ಲಿ ಎಂ.ಎ. ಮುಗಿಸಿ ನಾನು ಸೇನಾ ದಾಖಲೆ ಕಚೇರಿಯ ಓದುಕೋಣೆಯಲ್ಲಿ ಸಹಾಯಕಿಯಾಗಿ ಸೇರಿದ್ದೆ. ಅಲ್ಲಿ ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ಸಲಕ್ಕೆ ಒಂದೇ ಕಡತ. ಬೇಡಿಕೆ ಚೀಟಿಯ ಐದೂ ಕಾಲಂ ತುಂಬಿರಬೇಕು. ಒಂದು ಶನಿವಾರ ಉಗುರಿನ ಸಂದಿಯಲ್ಲಿ ಗ್ರೀಸ್ ಇದ್ದವನೊಬ್ಬ ಚೀಟಿ ಚಾಚಿದ. 'ಉದ್ದೇಶ' ಎಂಬಲ್ಲಿ 'ಕುತೂಹಲ' ಎಂದು ಬರೆದಿದ್ದ.

"ಇದನ್ನ ಉದ್ದೇಶ ಅನ್ನಲ್ಲ," ಎಂದು ವಾಪಸ್ ಕೊಟ್ಟೆ.

ಮರುಶನಿವಾರ 'ಅತೀವ ಕುತೂಹಲ'.

"ಕೈ ತೊಳ್ಕೊಂಡು ಬನ್ನಿ. ಆಮೇಲೆ ಸರಿಯಾಗಿ ಬರೀರಿ."

"ತೊಳ್ಕೊಂಡೇ ಬಂದಿದ್ದೀನಿ ಮೇಡಂ. ಇದು ಹೋಗೋ ಗ್ರೀಸಲ್ಲ."

ಮೂರನೆಯ ಸಲ 'ವಂಶಾವಳಿ ಸಂಶೋಧನೆ' ಎಂದಿತ್ತು.

"ಯಾರು ಹೇಳಿಕೊಟ್ರು?"

"ಬಾಗಿಲ ಹತ್ರ ಕೂತಿರೋ ಅಟೆಂಡರ್. ಅವರು ಇನ್ನೊಂದೂ ಹೇಳಿದ್ರು. ಇಲ್ಲಿ ನಿಮ್ಮನ್ನ ರೂಲ್ಸಮ್ಮ ಅಂತಾರಂತೆ."

ನಾನು ನಗಬಾರದೆಂದು ಚೀಟಿಯ ಮೇಲೆ ಬಗ್ಗಿದೆ. ಅವನು ಬಗ್ಗಿ ನೋಡಿದ, ನಕ್ಕೆನೋ ಇಲ್ಲವೋ ಎಂದು.

ಮುತ್ತಜ್ಜನ ಸೇವಾ ಕಡತದಲ್ಲಿ ಹನ್ನೊಂದೇ ಹಾಳೆ. ಎರಡನೆಯದು ಭರ್ತಿಯಾದ ದಿನದ ದೇಹವಿವರ: ಎತ್ತರ, ಎದೆಯ ಸುತ್ತಳತೆ, ಗುರುತಿನ ಚಿಹ್ನೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಫೋನಿನಲ್ಲಿದ್ದ ಹಜಾರದ ಪಟದ ಚಿತ್ರ ತೆರೆದು ಪಕ್ಕಕ್ಕಿಟ್ಟ. ಪಟದಲ್ಲಿ ಮುತ್ತಜ್ಜನ ಎಡಗಿವಿಯ ತುದಿ ಹರಿದು ಎರಡಾಗಿತ್ತು. ಹಾಳೆಯಲ್ಲಿ, 'ಕಿವಿಗಳೆರಡೂ ಸರಿ. ಬಲಗೆನ್ನೆಯಲ್ಲಿ ದೊಡ್ಡ ಮಚ್ಚೆ.'

"ಗುಮಾಸ್ತ ತಪ್ಪು ಬರ್ದಿದ್ದಾನೆ ಅಲ್ವಾ?"

"ಗುಮಾಸ್ತರು ಹೆಸರು ತಪ್ಪು ಬರೀತಾರೆ, ವಯಸ್ಸು ತಪ್ಪು ಬರೀತಾರೆ," ಎಂದೆ. "ಈ ಕಾಲಂ ತಪ್ಪಲ್ಲ. ಎದುರಿಗೆ ನಿಲ್ಲಿಸಿಕೊಂಡು ನೋಡಿ ಬರೆಯೋದು. ಸತ್ತರೆ ಹೆಣ ಗುರುತಿಸೋಕೆ ಇರೋದೇ ಇದು."

ಅವನು ಪಟದ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದ. ಸಮವಸ್ತ್ರ ಬಣ್ಣದಲ್ಲಿ ಬರೆದದ್ದು. ಅಂಚಿನಲ್ಲಿ ಕುಂಚ ಜಾರಿತ್ತು. ಆ ಕಾಲದ ಸ್ಟುಡಿಯೋಗಳು ಹಾಗೆ ಮಾಡುತ್ತಿದ್ದವು. ಸತ್ತವನ ಮದುವೆ ಫೋಟೋ ತಂದುಕೊಟ್ಟರೆ ಮದುಮಗಳನ್ನು ಕತ್ತರಿಸಿ, ಮದುಮಗನಿಗೆ ಸಿಪಾಯಿಯ ಅಂಗಿ ತೊಡಿಸಿ ಕೊಡುತ್ತಿದ್ದರು.

"ಹೆಗಲ ಮೇಲೆ ಪಟ್ಟಿ ಇದೆಯಲ್ಲ, ಇದು ಪಟ್ಟಿ ಅಲ್ಲ ಅನ್ಸತ್ತೆ," ಎಂದ. "ಸ್ವಲ್ಪ ಕೈ ಕೊಡಿ."

"ಯಾಕೆ?"

"ಸಂಶೋಧನೆ."

ನನ್ನ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡ. ಅವನು ಕೂತಿದ್ದ, ನಾನು ನಿಂತಿದ್ದೆ, ಮದುವೆ ಫೋಟೋಗಳಲ್ಲಿ ನಿಲ್ಲುವಂತೆಯೇ. ನನ್ನ ಮೂರು ಬೆರಳು ಅವನ ಹೆಗಲಿನ ಮುಂದಕ್ಕೆ ಬಂದಿದ್ದವು. ಪಟದಲ್ಲಿದ್ದದ್ದೂ ಅದೇ. ಕತ್ತರಿಸಿದರೂ ಆಕೆಯ ಮೂರು ಬೆರಳು ಉಳಿದುಕೊಂಡಿದ್ದವು. ಚಿತ್ರಕಾರ ಅವುಗಳಿಗೂ ಬಣ್ಣ ಬಳಿದಿದ್ದ.

ಅಟೆಂಡರ್ ಕುರ್ಚಿ ಎಳೆದು ಸದ್ದು ಮಾಡಿದರು. ನಾನು ಕೈ ತೆಗೆಯುವುದು ತಡವಾಯಿತು. ತಡವಾದದ್ದು ಅವನಿಗೂ ತಿಳಿಯಿತು.

ಅದಾಗಿ ನಾಲ್ಕನೆಯ ತಿಂಗಳು ಒಂದು ಚೀಟಿ ಬಂತು. 'ಕಡತ ಸಂಖ್ಯೆ: ಇಲ್ಲ. ಸಂಬಂಧ: ಸದ್ಯಕ್ಕೆ ಏನೂ ಇಲ್ಲ. ಉದ್ದೇಶ: ರೂಲ್ಸಮ್ಮನನ್ನು ಮದುವೆಯಾಗುವುದು.' ಐದೂ ಕಾಲಂ ತುಂಬಿತ್ತು. ತಿರಸ್ಕರಿಸಲು ಕಾರಣ ಹುಡುಕಿದೆ, ಸಿಗಲಿಲ್ಲ. ಮುದ್ರೆ ಒತ್ತಿದೆ.

ಮದುವೆಯಾದ ಮೇಲೂ ಇಬ್ಬರೂ ಹುಡುಕಿದೆವು. ಆ ಮಚ್ಚೆ ಸಿಕ್ಕಿದ್ದು ದೊಡ್ಡ ಮಾವನ ಸ್ಕೂಲಿನಲ್ಲೇ. ಹಳೆಯ ದಾಖಲಾತಿ ಪುಸ್ತಕದಲ್ಲಿ ಮುತ್ತಜ್ಜನ ತಮ್ಮನ ಹೆಸರಿನ ಮುಂದೆ 'ಬಲಗೆನ್ನೆ ಮಚ್ಚೆ' ಎಂದಿತ್ತು. ಮನೆಯಲ್ಲಿ ಆ ತಮ್ಮನ ಹೆಸರೆತ್ತಿದರೆ, ಅವನೊಬ್ಬ ಪೋಲಿ, ಹತ್ತೊಂಬತ್ತಕ್ಕೇ ಓಡಿಹೋದ ಎಂದು ಮಾತು ಮುಗಿಸುತ್ತಿದ್ದರು. ಅವನು ಓಡಿಹೋಗಿರಲಿಲ್ಲ. ಸೇನೆಗೆ ಹೆಸರು ಕೊಟ್ಟಿದ್ದ ಅಣ್ಣನಿಗೆ ಕರೆ ಬಂದಾಗ, ಹೆಂಡತಿ ಮಗ ಇರುವವನು ಬೇಡ ಎಂದು, ಅಣ್ಣನ ಹೆಸರು ಹೇಳಿಕೊಂಡು ತಾನು ಹೋಗಿ ಸತ್ತಿದ್ದ.

ಹಾಗಾದರೆ ಅಣ್ಣ?

ಅದು ಗೊತ್ತಾದದ್ದು ನನ್ನ ಗಂಡ ಸಾಯುವ ಐದು ವಾರ ಮೊದಲು. ಸಿಪಾಯಿ 'ಸತ್ತು' ಮೂರು ವರ್ಷಕ್ಕೆ ಮುತ್ತಜ್ಜಿ ಒಂದು ಹೆಣ್ಣು ಹೆತ್ತಿದ್ದಳು. ನೆಂಟರು ಮಗನನ್ನು ಇಟ್ಟುಕೊಂಡು, ತಾಯಿಯನ್ನೂ ಹಸುಗೂಸನ್ನೂ ಹೊರಗೆ ಹಾಕಿದ್ದರು. ಆ ಕೂಸು ಈಗ ಎಪ್ಪತ್ತೇಳರ ಅಜ್ಜಿ, ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇದ್ದಾರೆ. ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದವರು. ಅವರನ್ನು ಪತ್ತೆಮಾಡಿದ ನನ್ನ ಗಂಡ ಒಂದು ಫೋಟೋ ಎರವಲು ತಂದಿದ್ದ. ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಗಂಡಸು. ಎಡಗಿವಿ ಹರಿದಿದೆ. ಹಿಂದೆ ಸ್ಟುಡಿಯೋದ ಮುದ್ರೆ, ತಾರೀಖು. ಸಿಪಾಯಿ ಸತ್ತ ತಾರೀಖಿನಿಂದ ಐದು ವರ್ಷ ಈಚೆ.

"ಬದುಕಿದ್ದ ಕಣೇ," ಎಂದಿದ್ದ ನನ್ನ ಗಂಡ, ಅಡುಗೆಮನೆಯಲ್ಲಿ ನನ್ನ ಎರಡೂ ಭುಜ ಹಿಡಿದು. "ಬೇರೆ ಊರಿನ ಇಟ್ಟಿಗೆ ಗೂಡಲ್ಲಿ ದುಡೀತಿದ್ದ. ತಿಂಗಳಿಗೊಂದು ಸಲ ಬಸ್ ನಿಲ್ದಾಣಕ್ಕೆ ಬರೋನು. ಗಂಡ ಹೆಂಡತಿ ಮಗು ಒಂದು ಬೆಂಚಲ್ಲಿ ಕೂತು, ಬಸ್ ಬಂದಾಗ ಎದ್ದು ಹೋಗೋರು. ಆಕೆ ಬಾಯಿ ಬಿಟ್ಟಿದ್ರೆ ಅವನು ಜೈಲಿಗೆ. ಅದಕ್ಕೇ ಊರವರ ಮಾತೆಲ್ಲ ತಿಂದ್ಕೊಂಡಿದ್ದಳು."

"ನಾನಾಗಿದ್ರೆ ಹೇಳಿಬಿಡ್ತಿದ್ದೆ."

"ಸುಳ್ಳು. ನೀನು ಕಡತನ ದಾರದಲ್ಲಿ ಕಟ್ಟಿ ಕಪಾಟಲ್ಲಿ ಇಡ್ತಿದ್ದೆ."

ಸತ್ತದ್ದು ಅಣ್ಣನಲ್ಲ, ತಮ್ಮ ಎಂದು ಸೇನಾ ದಾಖಲೆ ತಿದ್ದುವ ಅರ್ಜಿ ನಾನೇ ತಯಾರಿಸಿದೆ. ರಕ್ತಸಂಬಂಧಿಯ ಸಹಿ ಬೇಕಿತ್ತು. ಅಜ್ಜಿ ಹಾಕುವಂತಿರಲಿಲ್ಲ. ದಾಖಲೆಯ ಪ್ರಕಾರ ಅವರ ಅಪ್ಪ ಅವರು ಹುಟ್ಟುವ ಮೊದಲೇ ಸತ್ತಿದ್ದ. ನನ್ನ ಗಂಡ ತಾನೇ ಹಾಕಬಹುದಿತ್ತು. "ಬೇಡ, ಅಪ್ಪನ ಕೈಲಿ ಹಾಕಿಸ್ತೀನಿ. ಅವರೇ ಒಪ್ಪಿದ ಹಾಗಾಗತ್ತೆ," ಎಂದ. ಮಾವ ಅರ್ಜಿ ಓದಿ, "ನಾಳೆ ನೋಡೋಣ" ಎಂದಿದ್ದರು. ಆ ನಾಳೆ ಅವನು ಆರನೆಯ ಮಹಡಿಯಲ್ಲಿ ಕೂತ.

ಈಗ ನನ್ನ ಸಹಿ ನಡೆಯುವುದಿಲ್ಲ. ನಾನು ಆ ಮನೆಯ ರಕ್ತವಲ್ಲ, ನನಗೆ ಮಗುವೂ ಇಲ್ಲ. ಸೋಮವಾರ ಕಲ್ಲಿಗೆ ಉಳಿ ಬಿದ್ದರೆ ಆಯಿತು. ಓಡಿಹೋದವನು ಓಡಿಹೋದವನಾಗಿಯೇ, ಕೆಟ್ಟವಳು ಕೆಟ್ಟವಳಾಗಿಯೇ ಉಳಿಯುತ್ತಾರೆ. ಅರ್ಜಿ ದಾಖಲಾದರೆ ಮಾತ್ರ, ಹೆಸರು ತೀರ್ಮಾನವಾಗುವವರೆಗೆ ಸ್ಕೂಲಿನವರು ಕಾಯಲೇಬೇಕು.

ಭಾನುವಾರ ಮಧ್ಯಾಹ್ನ ದೊಡ್ಡ ಮಾವ ವಂಶವೃಕ್ಷದ ಅಚ್ಚು ಪ್ರತಿ ತಂದು ಹಜಾರದ ಮೇಜಿನ ಮೇಲೆ ಹರಡಿದರು. ಸಿಪಾಯಿಯ ಪಕ್ಕ ಹೆಂಡತಿಯ ಹೆಸರು, ಕೆಳಗೆ ಒಬ್ಬನೇ ಮಗ. ತಮ್ಮನಿಗೂ ಮಗಳಿಗೂ ಜಾಗವಿಲ್ಲ. ನನ್ನ ಗಂಡನ ಚೌಕದಲ್ಲಿ ತೀರಿಕೊಂಡ ತಾರೀಖು ಆಗಲೇ ಬಂದಿತ್ತು. ನನ್ನ ಹೆಸರಿರಲಿಲ್ಲ.

"ಇವಳದ್ದು?" ಎಂದು ಅತ್ತೆ ಕೇಳಿದರು.

"ಇನ್ನೂ ಚಿಕ್ಕ ವಯಸ್ಸು. ನಾಳೆ ಬೇರೆ ಮದುವೆ ಆಗ್ತಾಳೆ. ಆಮೇಲೆ ಅಳಿಸೋಕೆ ಆಗತ್ತಾ?"

ನಾನು ನೀಲಿ ಫೈಲ್ ತಂದು ವೃಕ್ಷದ ಮೇಲೇ ಇಟ್ಟೆ. ಒಂದೊಂದೇ ಹಾಳೆ ತೆಗೆದು ತೋರಿಸಿದೆ. ಕೊನೆಯದು ಫೋಟೋ. ದೊಡ್ಡ ಮಾವ ಮುಟ್ಟಲಿಲ್ಲ.

"ಈ ಮನೆಗೆ ಬಂದು ಮೂರೇ ವರ್ಷ ಆಯ್ತು. ನಮ್ಮ ವಂಶ ನಿನಗೇನಮ್ಮ ಗೊತ್ತು?"

"ವಂಶ ಗೊತ್ತಿಲ್ಲ. ಕಿವಿ ಗೊತ್ತು."

"ಸಿಪಾಯಿ ಮನೇನ ಹೇಡಿ ಮನೆ ಮಾಡೋಕೆ ಹೊರಟಿದ್ದೀಯ."

"ಹೋದವನೂ ಈ ಮನೆಯವನೇ ದೊಡ್ಡ ಮಾವ. ಹತ್ತೊಂಬತ್ತು ವರ್ಷ. ಅಣ್ಣನ ಹೆಸರಲ್ಲಿ ಸತ್ತ. ಅವನನ್ನ ಪೋಲಿ ಅಂತ ಕರೀತಾ ಬಂದಿದ್ದೀರ. ಸಿಪಾಯಿ ಬೇಕು, ಆದರೆ ನಿಜವಾದ ಸಿಪಾಯಿ ಬೇಡ ಅಲ್ವಾ?"

"ಗಂಡ ಸತ್ತು ಹದಿನೈದು ದಿನ ಆಗಿಲ್ಲ, ನಾಲಿಗೆ ನೋಡು."

"ಅವನಿದ್ದಾಗಲೂ ಹೀಗೇ ಇತ್ತು," ಎಂದರು ಅತ್ತೆ. "ಅವನಿಗೆ ಇಷ್ಟ ಆಗಿದ್ದೇ ಅದು."

ಮಾವ ಎದ್ದು ಹೋಗಿ ಸ್ಟೂಲ್ ಹತ್ತಿ ಗೋಡೆಯ ಪಟ ಇಳಿಸಿದರು. ಅಂಗಿಯ ತುದಿಯಿಂದ ಗಾಜಿನ ಧೂಳು ಒರೆಸಿ ಫೋಟೋದ ಪಕ್ಕ ಇಟ್ಟರು. ಎರಡು ಎಡಗಿವಿಗಳು ಅಕ್ಕಪಕ್ಕ ಬಂದವು. ಒಂದೇ ಕಡೆ, ಒಂದೇ ಥರ ಹರಿದಿದ್ದವು.

"ಅರ್ಜಿ ಎಲ್ಲಮ್ಮ?" ಎಂದರು.

"ಯೋಚನೆ ಮಾಡೋ," ಎಂದರು ದೊಡ್ಡ ಮಾವ. "ದುಡುಕಬೇಡ. ನಾಳೆ ನೋಡೋಣ."

ಮಾವ ಅಣ್ಣನ ಮುಖವನ್ನೇ ನೋಡಿದರು. "ನನ್ನ ಮಗನಿಗೆ ನಾನು ಅದನ್ನೇ ಹೇಳಿದ್ದೆ," ಎಂದು ಸಹಿ ಹಾಕಿದರು. ಪೆನ್ನು ಕಾಗದ ಹರಿಯುವಷ್ಟು ಒತ್ತಿತ್ತು.

ದೊಡ್ಡ ಮಾವ ವೃಕ್ಷ ಸುತ್ತಿಕೊಂಡು ಹೋದರು. ಆಮೇಲೆ ಬರಲಿಲ್ಲ. ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಅರ್ಜಿ ದಾಖಲಾಯಿತು. ಫಲಕದ ಕೆಲಸ ನಿಂತಿತು. ಸುದ್ದಿ ಹರಡಿ, ಬೀದಿಯಲ್ಲಿ ಕೆಲವರು ನನ್ನನ್ನು ಮಾತಾಡಿಸುವುದನ್ನು ಬಿಟ್ಟರು.

ಫೋಟೋದ ಪ್ರತಿ ಕಡತಕ್ಕೆ ಸೇರಿದ ಮೇಲೆ ಅಸಲನ್ನು ತೆಗೆದುಕೊಂಡು ಅಜ್ಜಿಯ ಮನೆಗೆ ಹೋದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಕೈಯಲ್ಲಿದ್ದ ಲಕೋಟೆ ನೋಡಿಯೇ ಯಾರೆಂದು ತಿಳಿದುಕೊಂಡರು.

"ರೂಲ್ಸಮ್ಮ ಅಲ್ವಾ? ಬಾ. ಅವನೆಲ್ಲಿ? ಎರಡು ವಾರದಲ್ಲಿ ತಾನೇ ತಂದುಕೊಡ್ತೀನಿ ಅಂದ. ಎಂಟು ವಾರ ಆಯ್ತು. ಬರಲಿ, ಕಿವಿ ಹಿಂಡ್ತೀನಿ."

"ಅಜ್ಜಿ, ಅವನು ತೀರಿಕೊಂಡ."

ಅಲ್ಲಿಯವರೆಗೆ ಆ ಮಾತನ್ನು ನನ್ನ ಪರವಾಗಿ ಬೇರೆಯವರೇ ಹೇಳುತ್ತಿದ್ದರು. ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವರು ನಿಧಾನವಾಗಿ ಕೂತರು. "ಯಾವಾಗ?"

"ಮೂರು ವಾರ ಆಯ್ತು."

"ನನಗೆ ಯಾರೂ ಹೇಳಲಿಲ್ಲ."

ತಪ್ಪನ್ನು ದೊಡ್ಡ ಮಾವನ ಮೇಲೆ ಹಾಕಬಹುದಿತ್ತು. "ಯಾರ್ಯಾರಿಗೆ ಫೋನ್ ಮಾಡಬೇಕು ಅಂತ ಪಟ್ಟಿ ಬರೆದದ್ದು ನಾನೇ," ಎಂದೆ. "ನಿಮ್ಮ ನಂಬರ್ ನನ್ನ ಹತ್ರ ಇತ್ತು. ನೆನಪೇ ಆಗಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ತಡೆಯಲಿಲ್ಲ. ಅವರು ನೀರು ತಂದಿಟ್ಟರು, ಮುಗಿಯುವವರೆಗೂ ಎದುರಿಗೆ ಕೂತಿದ್ದರು.

"ಅಮ್ಮನನ್ನ ಜನ ಕೇಳೋರು," ಎಂದರು ಆಮೇಲೆ. "ಮಗು ಯಾರದ್ದೇ ಅಂತ. 'ನನ್ನ ಗಂಡನದು' ಅನ್ನೋಳು. ಸತ್ತವನದ್ದಾ ಅಂತ ನಗೋರು. 'ಹೂಂ, ಅವನದೇ.' ಸಾಯೋವರೆಗೂ ನಿಜಾನೇ ಹೇಳಿದಳು. ಒಬ್ಬರೂ ನಂಬಲಿಲ್ಲ. ಅದೇ ಅವನನ್ನ ಕಾಪಾಡಿದ್ದು." ನನ್ನನ್ನು ನೋಡಿದರು. "ನಿನ್ನನ್ನೂ ಕೇಳ್ತಾರೆ. ಅವನೇ ಇಲ್ಲ, ಇನ್ನೂ ಯಾಕೆ ಅಲ್ಲಿದ್ದೀಯ ಅಂತ."

"ಕೇಳ್ತಿದ್ದಾರೆ."

"ಏನಂತೀಯ?"

"ನನ್ನ ಗಂಡನ ಮನೆ ಅಂತೀನಿ. ನಂಬದಿದ್ರೆ ಬಿಡಲಿ."

ಅಜ್ಜಿ ತಲೆಯಾಡಿಸಿದರು. ಲಕೋಟೆಯಿಂದ ಫೋಟೋ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

"ನಿಮ್ಮ ಅಪ್ಪ, ಅಜ್ಜಿ," ಎಂದೆ.

ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.