ಸುಮ್ಮನಿದ್ದರೆ ಮುಚ್ಚುವ ಬಾಗಿಲು

"ಬಂದ್ನೇನೇ ನಿನ್ನ ಅಲ್ಪವಿರಾಮ?" ಅಡುಗೆಮನೆಯಿಂದ ಸೋದರತ್ತೆ ಕೂಗಿ ಕೇಳಿದರು.

"ಮೆಲ್ಲಗೆ ಅತ್ತೆ, ಮೈಕ್ ಆನ್ ಇದೆ," ಎಂದು ಹುಸಿಮುನಿಸು ತೋರಿ ಅವಳು ಹೆಡ್‌ಫೋನನ್ನು ಕಿವಿಗೇರಿಸಿಕೊಂಡಳು.

ದಿನವೂ ಕಾಲ್‌ನಲ್ಲಿ ಅವಳಿಗೆ ಓದಿ ಹೇಳುವವನಿಗೆ ಆ ಅಡ್ಡಹೆಸರು ಅತ್ತೆಯೇ ಇಟ್ಟದ್ದು. ಅವಳು ಒಂದು ಪ್ರಕಾಶನದಲ್ಲಿ ಕರಡು ತಿದ್ದುವವಳು. ಅಲ್ಲಿ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಇಬ್ಬರ ಕಣ್ಣು ದಾಟಬೇಕು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕರಡಿನ ಸಾಲುಗಳ ಮೇಲೆ ಬೆರಳಿಟ್ಟು ಹೋಲಿಸುತ್ತಾರೆ. ಓದುವವರು ಚಿಹ್ನೆಗಳನ್ನೂ ಬಾಯಲ್ಲೇ ಹೇಳಬೇಕು. "ಅವಳು ತಿರುಗಿ ನೋಡಿದಳು ಅಲ್ಪವಿರಾಮ ಆದರೆ ಬೀದಿ ಖಾಲಿಯಿತ್ತು ಪೂರ್ಣವಿರಾಮ." ಎಲ್ಲರೂ ಮನೆಯಿಂದಲೇ ಕೆಲಸ ಮಾಡುವಂತಾದ ಮೇಲೆ ಈ ಓದು ಇಂಟರ್‌ನೆಟ್ ಕಾಲ್‌ನಲ್ಲಿ ನಡೆಯುತ್ತಿತ್ತು. ಕೇಳುವವರಿಗೆ ನಿಯಮ ಒಂದೇ. ತಪ್ಪು ಕಂಡರೆ "ನಿಲ್ಲಿ" ಎನ್ನಬೇಕು. ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದೇ ಲೆಕ್ಕ.

ಸುಮ್ಮನಿರುವುದು ಅವಳಿಗೆ ಹುಟ್ಟುಗುಣ. ಕಣ್ಣು ಮುಚ್ಚಿ ಕೇಳುವುದೂ ಒಂದು ಪೂಜೆಯೇ ಎಂದುಕೊಂಡು ಬೆಳೆದವಳು. ಓದುವವನ ಮುಖವನ್ನು ಅವಳಾಗಲಿ, ಅವಳ ಮುಖವನ್ನು ಅವನಾಗಲಿ ಒಮ್ಮೆಯೂ ಕಂಡಿರಲಿಲ್ಲ. ಆದರೆ ಉದ್ದನೆಯ ವಾಕ್ಯಕ್ಕೆ ಮುಂಚೆ ಅವನು ಉಸಿರು ತುಂಬಿಕೊಳ್ಳುವುದು ಗೊತ್ತಿತ್ತು. ಪ್ರೇಮದ ಮಾತು ಬಂದರೆ ಆ ದನಿ ಒಂದು ಮೆಟ್ಟಿಲು ಕೆಳಗಿಳಿದು, ನಾಚಿದ ಹಾಗೆ ನಿಂತು, ಮುಂದೆ ಸಾಗುವುದು ಗೊತ್ತಿತ್ತು. ಅಂಥ ಸಾಲುಗಳಲ್ಲಿ ಅವಳ ಬೆರಳು ಕರಡಿನ ಮೇಲೆ ದಾರಿ ತಪ್ಪುತ್ತಿತ್ತು.

"ಇದ್ದೀರಾ?" ಎಂದು ಅವನು ಆಗಾಗ ಕೇಳುವುದಿತ್ತು.

"ಇದ್ದೀನಿ."

"ಉಸಿರಾದ್ರೂ ಸ್ವಲ್ಪ ಜೋರಾಗಿ ಬಿಡಿ. ಗೋಡೆಗೆ ಓದಿದ ಹಾಗಾಗುತ್ತೆ."

"ಗೋಡೆ ತಪ್ಪು ಹುಡುಕಲ್ಲ."

"ನೀವು ಹುಡುಕ್ತೀರಿ. ಅದಕ್ಕೇ ಭಯ."

ಅದೆಲ್ಲ ಈಗ ಹಳೆಯ ಮಾತು. ಒಂದು ಶನಿವಾರ ಸಂಜೆ ಕಾದಂಬರಿಯ ಕೊನೆಯ ಅಧ್ಯಾಯ ಮುಗಿದಿತ್ತು. ಅವಳು ಹೆಡ್‌ಫೋನ್ ತೆಗೆಯದೆ, ಆಗಲೇ ತಿದ್ದಿದ್ದ ಪುಟವನ್ನೇ ತಿದ್ದುವ ನೆಪದಲ್ಲಿ ಕೂತಿದ್ದಳು. ಏನಾದರೂ ಹೇಳಲಿ, ಪುಸ್ತಕದಲ್ಲಿಲ್ಲದ ಒಂದೇ ಒಂದು ಮಾತು ಹೇಳಲಿ ಎಂದು ಜೀವ ಬಯಸುತ್ತಿತ್ತು. ಕಿವಿಯಲ್ಲಿ ಗಾಢ ಮೌನ. ಅವನಿಗೂ ಎದ್ದುಹೋಗಲು ಮನಸ್ಸಿಲ್ಲವೇನೋ ಎಂದುಕೊಂಡು ಆ ಮೌನವನ್ನೇ ಎದೆಗವಚಿಕೊಂಡಳು. ಆಮೇಲೆ ಕಾಲ್ ಮುಗಿಯಿತೆಂದು ಪರದೆ ತೋರಿಸಿತು.

ಸೋಮವಾರದಿಂದ ಅವನು ಬೇರೆಯೇ ಮನುಷ್ಯನಾಗಿದ್ದ. ರೈಲಿನ ವೇಳೆ ಕೂಗುವವರ ಹಾಗೆ ಓದಿ, "ಆಯ್ತು" ಎಂದು ಇಟ್ಟುಬಿಡುತ್ತಿದ್ದ. ಆ ವಾರ ಕಳೆಯುವಷ್ಟರಲ್ಲಿ ಸುದ್ದಿಯೂ ಬಂತು. ತನಗೆ ಬೇರೆ ಜೊತೆಗಾರರನ್ನು ಕೊಡಿ ಎಂದು ಅವನು ಆಫೀಸನ್ನು ಕೇಳಿದ್ದಾನೆ. ನಾಳೆಯಿಂದ ಅವಳಿಗೆ ಓದುವವರು ಬೇರೆ.

"ನೀನೇನಾದ್ರೂ ಅಂದ್ಯಾ?" ಅತ್ತೆ ಕೇಳಿದರು.

"ಏನೂ ಅಂದಿಲ್ಲ."

"ಅದೇ ನಿನ್ನ ಕಾಯಿಲೆ. ಏನೂ ಅನ್ನಲ್ಲ."

ಅದೇ ದಿನ ಮಧ್ಯಾಹ್ನ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವಾಕೆ ಮನೆಗೆ ಬಂದರು. ಹೊಸಬರು ಬರುವ ಮುಂಚೆ ಲೈನ್ ಒಮ್ಮೆ ಪರೀಕ್ಷಿಸಬೇಕಂತೆ. ಗಟ್ಟಿಗಿತ್ತಿ ಹೆಂಗಸು. ಟಿವಿ ಪಕ್ಕದಲ್ಲಿ ಮಿಣುಗುತ್ತಿದ್ದ ರೌಟರನ್ನು ಎತ್ತಿ ನೋಡಿ, "ಇದು ಹೊಸದಾ?" ಎಂದರು.

"ಹೋದ ತಿಂಗಳು ಹಾಕಿಸಿದ್ದು."

"ಮಧ್ಯೆ ಮಧ್ಯೆ ಮಾತು ಕಟ್ ಆಗುತ್ತಾ?"

"ಅವರೇ ಓದು ನಿಲ್ಲಿಸ್ತಾರೆ. ನಾನು ಹಲೋ ಅಂದ್ರೆ ಕೆಲವು ಸಾಲು ಹಾರಿಸಿ ಮತ್ತೆ ಶುರು ಮಾಡ್ತಾರೆ. ಬಿಟ್ಟದ್ದನ್ನ ಮತ್ತೆ ಓದಿಸ್ಕೊಳ್ತೀನಿ."

ಆಕೆ ಹುಬ್ಬೇರಿಸಿದರು. ಮೊಬೈಲ್ ಹಿಡಿದು ಮೆಟ್ಟಿಲಿಳಿದು ಹೋಗಿ, ಅಲ್ಲಿಂದ ಕಾಲ್ ಮಾಡಿ ಒಂದು, ಎರಡು ಎಣಿಸತೊಡಗಿದರು. ಅವಳು ಎಂದಿನಂತೆ ತುಟಿ ಬಿಚ್ಚದೆ ಕೇಳಿದಳು. ಸ್ವಲ್ಪ ಹೊತ್ತಿಗೆ ಎಣಿಕೆ ಕತ್ತರಿಸಿದಂತೆ ನಿಂತುಹೋಯಿತು. ಅವಳು ಹಲೋ ಎಂದದ್ದೇ ತಡ, ಅದು ಎಷ್ಟೋ ಮುಂದೆ ಹೋಗಿ ಮತ್ತೆ ಕೇಳಿಸಿತು.

"ನಡುವೆ ಯಾಕೆ ನಿಲ್ಲಿಸಿದ್ರಿ?" ಆಕೆ ಮೇಲೆ ಬಂದಾಗ ಅವಳು ಕೇಳಿದಳು.

"ನಾನೆಲ್ಲಿ ನಿಲ್ಲಿಸಿದೆ ಕಣಮ್ಮ? ಒಂದೇ ಸಮ ಎಣಿಸ್ತಾನೇ ಇದ್ದೆ. ನೀನು ಸುಮ್ಮನಿದ್ದಾಗ ಈ ಕಾಲ್ ಸಾಫ್ಟ್‌ವೇರ್ ಆಚೆಗೆ ಏನನ್ನೂ ಕಳಿಸಲ್ಲ, ಡೇಟಾ ಉಳಿತಾಯಕ್ಕೆ ಅಂತ. ಒಳಗಿಂದ ಏನೂ ಬರ್ತಿಲ್ಲ ಅಂದ್ರೆ ಮಾತು ಮುಗೀತು ಅಂದ್ಕೊಂಡು ರೌಟರ್ ಬಾಗಿಲು ಹಾಕ್ಕೊಳ್ಳುತ್ತೆ. ಕೆಲವು ರೌಟರ್‌ಗೆ ತಾಳ್ಮೆ ಜಾಸ್ತಿ. ಇದು ಮುಂಗೋಪಿ."

"ಆಗ ಆ ಕಡೆಯವರ ಮಾತು?"

"ಹೊಸ್ತಿಲಲ್ಲೇ ಬಿದ್ದುಹೋಗುತ್ತೆ. ಪಾಪ, ಅವರಿಗೆ ಗೊತ್ತೂ ಆಗಲ್ಲ. ಹೇಳ್ತಾನೇ ಇರ್ತಾರೆ."

ಹಾಗಾದರೆ ಆ ಶನಿವಾರದ ಮೌನ ಮೌನವಾಗಿರಲಿಲ್ಲವೇ?

ಸುಮ್ಮನಿದ್ದರೂ ಲೈನ್ ಜೀವಂತವಿರುವಂತೆ ಸೆಟ್ಟಿಂಗ್ ಬದಲಿಸಿ ಆಕೆ ಹೊರಟರು. ಚಪ್ಪಲಿ ಸದ್ದು ಮರೆಯಾಗುವ ಮೊದಲೇ ಅವಳು ಕಾಲ್ ಮಾಡಿದ್ದಳು.

"ಹೇಳಿ," ಎಂದನು ಅವನು.

"ಆ ಶನಿವಾರ, ಅಧ್ಯಾಯ ಮುಗಿದ ಮೇಲೆ, ನೀವೇನಾದ್ರೂ ಹೇಳಿದ್ರಾ?"

ಅವನ ದನಿ ಒಣಗಿತ್ತು. "ಕೇಳಿಸಿಕೊಂಡವರು ನೀವು. ನನ್ನನ್ನ ಯಾಕೆ ಕೇಳ್ತೀರಿ?"

"ನನಗೆ ಕೇಳಿಸಿಲ್ಲ. ಒಂದಕ್ಷರಾನೂ ಕೇಳಿಸಿಲ್ಲ." ರೌಟರು, ಬಾಗಿಲು, ಹೊಸ್ತಿಲು ಎಲ್ಲವನ್ನೂ ಅವಳು ಹಿಂದುಮುಂದಾಗಿ ಒಂದೇ ಉಸಿರಿನಲ್ಲಿ ಹೇಳಿದಳು. ಅಷ್ಟು ಉದ್ದದ ಮಾತನ್ನು ಅವನೊಡನೆ ಅವಳು ಎಂದೂ ಆಡಿರಲಿಲ್ಲ.

"ಭಾನುವಾರ ಸಂಜೆ ಲೈಬ್ರರಿ ಎದುರಿನ ಬೆಂಚಿಗೆ ಬನ್ನಿ ಅಂದಿದ್ದೆ," ಎಂದನು ಅವನು ನಿಧಾನವಾಗಿ. "ತಪ್ಪು ಅನ್ನಿಸಿದ್ರೆ ಈಗಲೇ ನಿಲ್ಲಿಸಿ ಅಂತಾನೂ ಅಂದೆ. ನೀವು ನಿಲ್ಲಿಸಲಿಲ್ಲ. ಭಾನುವಾರ ಕತ್ತಲಾಗೋವರೆಗೂ ಕೂತಿದ್ದೆ."

"ಬರಲಿಲ್ಲ ಅಂತ ಸಿಟ್ಟಾ?"

"ಬಂದಿದ್ರಿ ಅಂದ್ಕೊಂಡಿದ್ದೆ. ಬಂದು, ದೂರದಿಂದ ನೋಡಿ, ಹಾಗೇ ವಾಪಸ್ ಹೋದ್ರಿ ಅಂತ."

"ನೋಡಿ ವಾಪಸ್ ಹೋಗೋ ಅಂಥದ್ದು ಏನಿದೆ ನಿಮ್ಮಲ್ಲಿ?"

"ಊರುಗೋಲಿದೆ," ಎಂದನು. "ಎಡಗಾಲು ಸರಿಯಿಲ್ಲ, ಹುಟ್ಟಿನಿಂದ. ದನಿ ಕೇಳಿ ಯಾರೂ ಅದನ್ನ ಊಹಿಸಲ್ಲ."

ಕಿಟಕಿಯಾಚೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಒಂದು ವಾರ ಪೂರ್ತಿ ಈ ಮನುಷ್ಯ ಆ ನೋವನ್ನು ನುಂಗಿಕೊಂಡು ಓದಿದ್ದ. ಅವಳು ತನ್ನ ಮೇಲೆ, ಆ ಪುಟ್ಟ ಕರಿ ಪೆಟ್ಟಿಗೆಯ ಮೇಲೆ, ಲೋಕದ ಎಲ್ಲ ಮೌನಗಳ ಮೇಲೆ ಮುನಿದಳು.

"ನಾನು ಬಂದಿದ್ರೆ ವಾಪಸ್ ಹೋಗ್ತಿರಲಿಲ್ಲ," ಎಂದಳು. "ನಿಮ್ಮ ದನಿ ನಿಂತ ಮೇಲೂ ಹೆಡ್‌ಫೋನ್ ತೆಗೀದೆ ಕೂತಿರೋಳು ನಾನು. ದಿನಾ ಕೂತಿರ್ತೀನಿ. ಅತ್ತೆ ನಗ್ತಾರೆ." ಗಡಿಯಾರ ನೋಡಿ, "ಇವತ್ತು ಆ ಬೆಂಚಿಗೆ ಬರೋಕಾಗುತ್ತಾ?" ಎಂದಳು.

ಆ ಕಡೆಯಿಂದ ಏನೋ ತಡಕಾಡಿದ ಸದ್ದು, ಕುರ್ಚಿ ಸರಿದ ಸದ್ದು ಕೇಳಿಸಿತು. "ಹೊರಟೆ," ಎಂದನು.

ಅವಳು ಲೈಬ್ರರಿಯ ರಸ್ತೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ರಸ್ತೆಯಾಚೆಯ ಬೆಂಚಿನಲ್ಲಿ ನೀಲಿ ಅಂಗಿಯವನೊಬ್ಬ ಕೂತಿದ್ದ. ಹೆಂಗಸರು ಯಾರೇ ಹತ್ತಿರ ಬರಲಿ, ಊರುಗೋಲನ್ನು ನೆಲಕ್ಕೂರಿ, ಕಷ್ಟಪಟ್ಟು ಎದ್ದು ನಿಲ್ಲುತ್ತಿದ್ದ. ಅವರು ಮುಂದೆ ಹೋದ ಮೇಲೆ ಮೆಲ್ಲಗೆ ಕೂರುತ್ತಿದ್ದ. ಬ್ಯಾಗು ಹೊತ್ತ ಒಬ್ಬಾಕೆ ಬಂದಳು, ಎದ್ದ, ಕೂತ. ಮಗುವಿನ ಕೈ ಹಿಡಿದ ತಾಯಿ ಬಂದಳು, ಮತ್ತೆ ಎದ್ದ.

ಅವಳಿಗೆ ಇನ್ನು ತಾಳಲಾಗಲಿಲ್ಲ. ಎಂದೂ ದನಿ ಏರಿಸದವಳು ಆ ತುಂಬಿದ ರಸ್ತೆಯ ಈ ದಡದಿಂದಲೇ ಕೂಗಿದಳು:

"ಕೂತ್ಕೊಳ್ಳಿ, ನಾನು ಬರ್ತಿದ್ದೀನಿ."