ಚಿತ್ತೆ ಮಳೆಯ ಮಡಿಲು

ಬಹಳ ಹಿಂದೆ, ಮೋಡಗಳಿಗೂ ಮನೆಬಾಗಿಲ ಗುರುತಿದ್ದ ಕಾಲದಲ್ಲಿ, ಮುಗಿಲೂರು ಅಂತ ಒಂದು ಸೀಮೆಯಿತ್ತು. ಆ ಸೀಮೆಯ ಮಳೆಗಳೆಲ್ಲ ಅಲ್ಲಿನ ಹೆಣ್ಣುಮಕ್ಕಳು. ರೋಹಿಣಿ, ಆರಿದ್ರೆ, ಮಘೆ, ಉತ್ತರೆ, ಚಿತ್ತೆ ಅಂತ ಒಬ್ಬೊಬ್ಬಳೂ ತನ್ನ ಸರದಿಗೆ ತವರಿಗೆ ಬರುವಳು, ಎರಡು ವಾರ ಇರುವಳು, ಹೊಲ ನೆನೆಸಿ ಹೊರಡುವಳು. ಹೊರಡುವ ದಿನ ಮಾತ್ರ ಹುಡುಗಿಯಾಗಿ, ಜಡೆಯಿಂದ ನೀರು ತೊಟ್ಟಿಕ್ಕಿಸುತ್ತ ಒಂದು ಮನೆಯ ಹೊಸಿಲಿಗೆ ಬಂದು ಮಣೆಯ ಮೇಲೆ ಕೂರುವಳು. ಆ ಮನೆಯಾಕೆ ಅವಳಿಗೆ ಮಡಿಲು ತುಂಬಬೇಕು: ಅಕ್ಕಿ, ಬೆಲ್ಲ, ಒಂದು ರವಿಕೆ ಕಣ. ತುಂಬಿಸಿಕೊಂಡವಳು ಅದರಲ್ಲಿ ಒಂದು ಪಾಲನ್ನು ತಿರುಗಿ ಮನೆಯಾಕೆಯ ಸೆರಗಿಗೆ ಹಾಕಬೇಕು. ಮಗಳು ತುಂಬಿಕೊಂಡು ಹೋದಳೆಂದು ತವರು ಬರಿದಾಗಬಾರದಲ್ಲ. ಯಾವ ಮಳೆಗೆ ಯಾವ ಮನೆ ಅಂತ ಸರದಿ ಇತ್ತು. ಆ ಮನೆಯವರನ್ನು ಬಿಟ್ಟು ಬೇರೆಯವರು ಕೈಹಾಕುವಂತಿರಲಿಲ್ಲ.

ಒಂದು ವರ್ಷ ಚಿತ್ತೆ ಮಳೆಯ ಸರದಿ ದೇವೀರಿಯ ಮನೆಗೆ ಬಂತು. ದೇವೀರಿಗೆ ಐದು ತಿಂಗಳ ಕೂಸು, ಹೆಸರು ಸಿಂಗಾರಿ. ಕೂಸಿಗೆ ಶೀತವಾಗಿ ಕೆಮ್ಮು ಹತ್ತಿತ್ತು. ಹದಿನಾಲ್ಕು ದಿನ ಬಿಟ್ಟೂಬಿಡದೆ ಸುರಿದ ಮಳೆಗೆ ಕೂಸಿನ ಒಂದು ಬಟ್ಟೆಯೂ ಒಣಗಿರಲಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ್ದೆಲ್ಲ ಹೊಗೆ ನಾರುತ್ತಿತ್ತು. ಅಂಥ ಹೊತ್ತಿನಲ್ಲಿ ಚಿತ್ತೆ ಬಂದು ಮಣೆಯ ಮೇಲೆ ಕೂತಳು.

"ನಿನ್ನ ದೆಸೆಯಿಂದ ನನ್ನ ಕೂಸಿನ ಎದೆ ಗೊರಗೊರ ಅಂತಿದೆ," ಅಂದಳು ದೇವೀರಿ. "ನಿನಗೆ ಮಡಿಲು ಬೇರೆ ಕೇಡು." ಅಷ್ಟಂದು ಕದ ಹಾಕಿಕೊಂಡಳು.

ತಾಯಂದಿರ ಸಿಟ್ಟು ಎಷ್ಟು ಹೊತ್ತಿನದು ಹೇಳಿ. ಸಂಜೆಗೆ ಇಳಿದುಹೋಯಿತು. ಮೊರದಲ್ಲಿ ಅಕ್ಕಿ ಹಿಡಿದು ಕದ ತೆಗೆದರೆ ಮಣೆ ಒದ್ದೆಯಾಗಿತ್ತು, ಹುಡುಗಿ ಇರಲಿಲ್ಲ. ದೇವೀರಿ ನಾಚಿಕೆಯಿಂದ ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಮಂಜುಗುಡ್ಡದ ತುದಿಯಲ್ಲಿ ಮಬ್ಬುರಾಯನೆಂಬ ಮಾಂತ್ರಿಕನಿದ್ದ. ತನಗೆ ಮುಪ್ಪು ಬರಬಾರದು ಅನ್ನುವುದೊಂದೇ ಅವನ ಆಸೆ. ಋತು ತಿರುಗದಿದ್ದರೆ ಮುಪ್ಪು ಹೇಗೆ ಬಂದೀತು? ಬರಿಮಡಿಲಲ್ಲಿ ಅಳುತ್ತ ಹೋಗುತ್ತಿದ್ದ ಚಿತ್ತೆಯನ್ನು ಹಿಡಿದು ದೊಡ್ಡ ಮಣ್ಣಿನ ಹರವಿಯೊಳಗೆ ಕೂರಿಸಿದ. ಅವಳಿಲ್ಲದೆ ಅಕ್ಕತಂಗಿಯರು ತವರಿನ ದಾರಿ ಹಿಡಿಯಲಿಲ್ಲ. ಸೀಮೆಯ ಮೇಲೆ ಮಂಜು ಇಳಿಯಿತು, ಇಳಿದದ್ದು ಏಳಲಿಲ್ಲ.

ರಾಗಿ ತೆನೆ ಹಾಲುಗಾಳಿನಲ್ಲೇ ನಿಂತಿತು. ಕರು ಕರುವಾಗೇ ಉಳಿಯಿತು. ಕಣಜದ ಕಾಳು ತೆಗೆದಷ್ಟೂ ಅಷ್ಟೇ ಇತ್ತು. ಮೊದಮೊದಲು ಮುದುಕರಿಗೆ ಖುಷಿಯೇ ಆಯಿತು ಅನ್ನಿ. ಆದರೆ ಸಿಂಗಾರಿ? ಮೂರು ವರ್ಷದಷ್ಟು ದಿನ ಕಳೆದರೂ ಅವಳಿಗೆ ಐದೇ ತಿಂಗಳು. ಕೂರಲಿಲ್ಲ, ತೆವಳಲಿಲ್ಲ, ಕೆಮ್ಮೂ ಬಿಡಲಿಲ್ಲ. ದೇವೀರಿಯ ಅತ್ತೆ ಸಣ್ಣತಾಯಮ್ಮ ದಿನಾ ಬೆಳಿಗ್ಗೆ ಕೂಸಿನ ವಸಡಿನ ಮೇಲೆ ಬೆರಳಾಡಿಸಿ, "ಹಲ್ಲು ಇನ್ನೂ ಇಲ್ಲ ಕಣೆ," ಅನ್ನುವಳು.

ಒಂದು ದಿನ ದೇವೀರಿಗೆ ತಡೆಯಲಾಗಲಿಲ್ಲ. ಅತ್ತೆಯ ಮುಂದೆ ಕೂತು ನಡೆದದ್ದೆಲ್ಲ ಹೇಳಿ ಅತ್ತಳು. ಅತ್ತೆ ಬೈಯಲಿಲ್ಲ.

"ಬರಿಮಡಿಲಲ್ಲಿ ಹೋದ ಹೆಣ್ಣು ಮಬ್ಬುರಾಯನ ಪಾಲು ಅಂತ ನಮ್ಮವ್ವ ಹೇಳ್ತಿದ್ದಳು," ಅಂದಳು. "ತಡವಾದರೂ ಹೋಗಿ ತುಂಬವ್ವ. ಸರದಿ ನಿನ್ನದೇ."

ದೇವೀರಿ ಮಡಿಲಲ್ಲಿ ಅಕ್ಕಿ, ಬೆಲ್ಲ, ರವಿಕೆ ಕಣ ಕಟ್ಟಿಕೊಂಡಳು. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವುದುಂಟೆ, ಬೆನ್ನಿಗೆ ಕಟ್ಟಿಕೊಂಡು ಹೊರಟಳು.

ಗುಡ್ಡದ ಬುಡದಲ್ಲಿ ಬಿಸಿಲುಗೂಳಿ ಅಡ್ಡ ನಿಂತಿತ್ತು. ಬೇಸಿಗೆಯನ್ನು ಹೊತ್ತು ತರುವ ಗೂಳಿ ಅದು. ಮಾಂತ್ರಿಕ ಅದನ್ನು ಕಾವಲಿಗೆ ಕಟ್ಟಿಹಾಕಿದ್ದ, ಕೊಂಬಿನಲ್ಲಿ ಕೆಂಡ ಉರಿಯುತ್ತಿತ್ತು.

"ನಿನ್ನ ಮಡಿಲಲ್ಲೇನಿದೆ?" ಅಂತ ಗೂಳಿ ಕೇಳಿತು.

"ಚಿತ್ತೆಗೆ ತಂದ ಅಕ್ಕಿ."

"ಮೂರು ವರ್ಷದಿಂದ ನನ್ನ ಬಾಯಿಗೆ ಒಂದು ಎಸಳು ಹಸಿರು ಬಿದ್ದಿಲ್ಲ."

ದೇವೀರಿ ಅದರ ಬಡಕಲು ಪಕ್ಕೆ ನೋಡಿದಳು. ಒಂದು ಹಿಡಿ ಕೊಟ್ಟಳು, ಸಾಲಲಿಲ್ಲ. ಮತ್ತೊಂದು ಹಿಡಿ ಕೊಟ್ಟಳು. ಕೊನೆಗೆ ಅಕ್ಕಿಯೆಲ್ಲ ಅದರ ಹೊಟ್ಟೆ ಸೇರಿತು. ಗೂಳಿ ಪಕ್ಕಕ್ಕೆ ಸರಿಯಿತು.

ಗುಡ್ಡದ ನಡುವೆ ಗಾಳಿಹದ್ದು ರೆಕ್ಕೆ ಹರಡಿ ಕೂತಿತ್ತು. ಮುಂಗಾರಿನ ಗಾಳಿ ತರುವ ಹದ್ದು.

"ನಿನ್ನ ಮಡಿಲಲ್ಲೇನಿದೆ?"

"ಚಿತ್ತೆಗೆ ತಂದ ರವಿಕೆ ಕಣ."

"ನನ್ನ ಮೊಟ್ಟೆಗಳು ಮೂರು ವರ್ಷದಿಂದ ತಣ್ಣಗೆ ಬಿದ್ದಿವೆ, ಒಡೀತಾ ಇಲ್ಲ."

ಇವಳೂ ನನ್ನಂಥವಳೇ ಅನ್ನಿಸಿತು ದೇವೀರಿಗೆ. ಕಣವನ್ನು ಬಿಚ್ಚಿ ಮೊಟ್ಟೆಗಳಿಗೆ ಹೊದಿಸಿದಳು. ಹದ್ದು ರೆಕ್ಕೆ ಮಡಚಿ ದಾರಿ ಬಿಟ್ಟಿತು.

ತುದಿಯ ಹತ್ತಿರ ಚಳಿಗಾಲ ತರುವ ಮಂಜಿನ ಕರಡಿ. ಮೂರು ವರ್ಷ ಮುಗಿಯದ ಒಂದೇ ಚಳಿಗಾಲಕ್ಕೆ ಕಾವಲು ಕೂತು ಅದಕ್ಕೆ ನಿದ್ದೆಯೇ ಇರಲಿಲ್ಲ. ಕೇಳುವ ಮೊದಲೇ ದೇವೀರಿ ಬೆಲ್ಲದಚ್ಚು ಚಾಚಿದಳು. ಕರಡಿ ಬೆಲ್ಲ ನೆಕ್ಕುತ್ತ ನೆಕ್ಕುತ್ತ ಅಲ್ಲೇ ಮಲಗಿ ಗೊರಕೆ ಹೊಡೆಯಿತು.

ತುದಿಯಲ್ಲಿ ಮಬ್ಬುರಾಯ ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಸೊಂಟದೆತ್ತರದ ಹರವಿ. ಅದಕ್ಕೆ ಮುಚ್ಚಳವೂ ಇರಲಿಲ್ಲ. ಬರಿಮಡಿಲ ಮಗಳು ಎಲ್ಲಿಗೆ ಹೋದಾಳು ಅಂತ ಅವನ ಧೈರ್ಯ. ಒಳಗೆ ಚಿತ್ತೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಮಡಿಲು ತುಂಬೋಕೆ ಬಂದೆಯಾ?" ಅಂತ ಅವನು ನಕ್ಕ. "ತುಂಬು ನೋಡೋಣ. ನಿನ್ನದೇ ಬರಿದಾಗಿದೆಯಲ್ಲ ತಾಯಿ."

ದೇವೀರಿ ಸೆರಗು ಕೊಡವಿದಳು. ಒಂದು ಕಾಳು ಕೂಡ ಬೀಳಲಿಲ್ಲ. ಅಷ್ಟರಲ್ಲಿ ಬೆನ್ನ ಮೇಲೆ ಕೂಸು ಕೆಮ್ಮಿತು.

ದೇವೀರಿಯ ಕೈ ಕೂಸಿನ ಕಡೆಗೆ ಹೋಗಿ ಅಲ್ಲೇ ನಿಂತಿತು. ಮಡಿಲಿಗೆ ಹಾಕಿದ್ದನ್ನು ಮಗಳು ಕೊಂಡೊಯ್ಯುತ್ತಾಳೆ, ಒಂದು ಪಾಲು ಮಾತ್ರ ತಿರುಗಿ ಕೊಡುತ್ತಾಳೆ. ಅಕ್ಕಿಯಾದರೆ ಪಾಲು ಮಾಡಬಹುದು. ಕೂಸನ್ನು ಹೇಗೆ ಪಾಲು ಮಾಡುತ್ತಾಳೆ? ಆದರೂ ಬೆನ್ನಿನ ಗಂಟು ಬಿಚ್ಚಿದಳು. ಕೂಸಿನ ನೆತ್ತಿಗೆ ಮೂಗೊತ್ತಿ ಒಮ್ಮೆ ಮೂಸಿದಳು. ಹರವಿಯೊಳಗೆ ಬಾಗಿ ಚಿತ್ತೆಯ ಮಡಿಲಲ್ಲಿ ಮಲಗಿಸಿದಳು.

"ಅವತ್ತು ನಿನ್ನನ್ನು ಹಾಗೇ ಕಳಿಸಿಬಿಟ್ಟೆ. ತಪ್ಪಾಯಿತು ಮಗಳೇ. ನನ್ನ ಹತ್ತಿರ ಇರೋದು ಇದೊಂದೇ," ಅಂದಳು.

ಚಿತ್ತೆ ಬಾಗಿ ಕೂಸನ್ನು ನೋಡಿದಳು. ಅವಳ ಜಡೆಯಿಂದ ಒಂದು ಹನಿ ಕೂಸಿನ ಹಣೆಗೆ ಬಿತ್ತು. ಕೂಸು ನಕ್ಕಿತು. ಚಿತ್ತೆ ಎದ್ದು ನಿಂತಳು, ಹರವಿ ಎರಡು ಹೋಳಾಯಿತು.

"ಪದ್ಧತಿ ಪದ್ಧತಿಯೇ ಅವ್ವ. ಪಾಲು ಮಾಡಬೇಕು," ಅಂದಳು ಚಿತ್ತೆ. "ಕೂಸು ತವರಿಗಿರಲಿ. ಅದರ ಕೆಮ್ಮು ನನಗಿರಲಿ." ಕೂಸನ್ನು ದೇವೀರಿಯ ಸೆರಗಿಗೆ ಹಾಕಿ, ಕೆಮ್ಮನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಗಿಲಿಗೆ ಏರಿದಳು.

ಗೂಳಿಯ ಹಗ್ಗ ಕಳಚಿತು. ಹದ್ದಿನ ಮೊಟ್ಟೆ ಒಡೆದವು. ಮೂರು ವರ್ಷದ ಮುಪ್ಪು ಮಬ್ಬುರಾಯನ ಮೇಲೆ ಒಟ್ಟಿಗೇ ಬಂದು ಬಿತ್ತು, ಅದರ ಹಿಂದೆ ಮಂತ್ರದಿಂದ ತಡೆದಿಟ್ಟಿದ್ದ ಮುನ್ನೂರು ವರ್ಷದ್ದೂ ಬಿತ್ತು. ಅವನು ಮುದುಡಿ ಮುದುಡಿ ಅಂಗೈಯಗಲದ ಕಪ್ಪೆಯಾಗಿ ಹೊಂಡಕ್ಕೆ ಹಾರಿದ. ಮಳೆ ಬರುವ ಮುನ್ನ ಕೂಗಿ ಹೇಳುವ ಚಾಕರಿ ಅವನಿಗೆ ಗಂಟುಬಿತ್ತು.

ಅಕ್ಕತಂಗಿಯರು ತಮ್ಮ ತಮ್ಮ ಸರದಿಗೆ ಬಂದರು. ರಾಗಿ ಬಲಿಯಿತು, ಕರುಗಳಿಗೆ ಕೋಡು ಮೂಡಿದವು. ಮುದುಕರು ಮಂಡಿನೋವೆಂದು ಗೊಣಗುತ್ತ ಸುಖವಾಗಿದ್ದರು. ಚಿತ್ತೆ ಬಂದಾಗಲೆಲ್ಲ ಮುಗಿಲಿನಲ್ಲಿ ಸಣ್ಣಗೆ ಎರಡು ಸಲ ಗುಡುಗುತ್ತಿತ್ತು. ಸಿಂಗಾರಿಯ ಕೆಮ್ಮು ಕಣೇ ಅಂತ ಹೆಂಗಸರು ಮಣೆ ಹಾಕಲು ಓಡುತ್ತಿದ್ದರು.

ಅದೆಲ್ಲ ಆಮೇಲಿನ ಮಾತು. ಅವತ್ತು ದೇವೀರಿ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದಳು. ಕೂಸಿಗೆ ಉಡಿಸಲು ಒಂದು ಒಣಬಟ್ಟೆಯೂ ಇರಲಿಲ್ಲ. ಸಣ್ಣತಾಯಮ್ಮ ತನ್ನ ಸೆರಗಿನಲ್ಲೇ ಅದನ್ನು ಸುತ್ತಿಕೊಂಡು, ರೂಢಿಯಂತೆ ವಸಡಿನ ಮೇಲೆ ಬೆರಳಾಡಿಸಿದಳು. ಆಡಿಸಿದವಳು ಬೆರಳು ಹಿಂದಕ್ಕೆಳೆದುಕೊಂಡು ಸೊಸೆಯ ಮುಖ ನೋಡಿದಳು.

"ಕಚ್ಚಿದಳು ಕಣೆ," ಅಂದಳು.